ಎರಡು ಬಸ್ಸಿನ ದೂರ

ಆರು ತಿಂಗಳ ರಜೆ ಮುಗಿಸಿ ನಾನು ಪಾದ್ರಿಯಾಗಿರುವ ಶ್ರೀನಿವಾಸಪುರದ ಕ್ರೈಸ್ತ ಸಭೆಗೆ ಹಿಂತಿರುಗಿದ್ದು ಮಾವಿನ ಸುಗ್ಗಿಯ ನಟ್ಟನಡುವೆ. ಇದಕ್ಕಿಂತ ಕೆಟ್ಟ ಹೊತ್ತನ್ನು ಹುಡುಕಿಕೊಂಡು ಹೋಗಿದ್ದರೂ ಸಿಗುತ್ತಿರಲಿಲ್ಲ. ಮಂಡಿಗಳ ಮುಂದೆ ಲಾರಿಗಳು ಸಾಲುಗಟ್ಟಿದ್ದವು. ಸಭೆಯ ಗಂಡಸರೆಲ್ಲ ತೋಟದಲ್ಲೋ ಮಂಡಿಯಲ್ಲೋ ಇದ್ದರು. ಎರಡು ವಾರ ಕೂತು ಬರೆದ ಪ್ರಸಂಗವನ್ನು ನಾನು ಮೊದಲ ಭಾನುವಾರ ಹದಿನೈದು ಹೆಂಗಸರಿಗೂ ಮೂವರು ಗಂಡಸರಿಗೂ ಹೇಳಿದೆ. ಆ ಮೂವರಲ್ಲಿ ಒಬ್ಬರು ಗೋಡೆಗೊರಗಿ ನಿದ್ದೆ ಹೋದರು.

ಆರಾಧನೆ ಮುಗಿದ ಮೇಲೆ ಪಾದ್ರಿ ಬಾಗಿಲಲ್ಲಿ ನಿಂತು ಎಲ್ಲರ ಕೈಕುಲುಕುವುದು ನಮ್ಮಲ್ಲಿ ವಾಡಿಕೆ. ಯಾರಾದರೂ ಒಬ್ಬರು ಹೇಗಿದ್ದೀರಿ ಎಂದು ಕೇಳುತ್ತಾರೆಂದು ಕಾದೆ.

"ಸಸ್ಪೆನ್ಷನ್ ಮುಗೀತಾ ಅಯ್ಯನವರೇ?" ಎಂದರು ಮೊದಲು ಬಂದವರು.

ಅವರ ಹಿಂದಿದ್ದ ಹೆಂಗಸು ನನ್ನ ಹೊಟ್ಟೆಯನ್ನೇ ನೋಡುತ್ತಾ, "ಆಪರೇಷನ್ ಆದೋರ ಥರ ಕಾಣ್ಸಲ್ವಲ್ಲ" ಎಂದರು.

"ನಂಗೆ ಆಪರೇಷನ್ ಆಗಿಲ್ಲಮ್ಮ."

"ಹೌದಾ? ಎಲ್ರೂ ಆಯ್ತು ಅಂದ್ರಲ್ಲ." ಅವರ ಮುಖದಲ್ಲಿ ಸಣ್ಣ ನಿರಾಸೆ ಕಂಡಿತು. ಆರು ತಿಂಗಳು ನನ್ನ ಹೊಟ್ಟೆಗಾಗಿ ಪ್ರಾರ್ಥಿಸಿದ್ದರಂತೆ.

ತಪ್ಪು ಅವರದ್ದಲ್ಲ. ಬಿಷಪ್ಪರ ಪತ್ರದಲ್ಲಿ 'ಸಬ್ಯಾಟಿಕಲ್' ಎಂದಿತ್ತು, ಅಂದರೆ ವಿಶ್ರಾಂತಿಗೆಂದು ಕೊಡುವ ದೀರ್ಘ ರಜೆ. ಅದನ್ನು ಸಭೆಯಲ್ಲಿ ಓದಿ ಹೇಳಿದ ಕಾರ್ಯದರ್ಶಿಗಳು, 'ನಮ್ಮ ಅಯ್ಯನವರಿಗೆ ಸಬ್ಯಾಟಿಕಲ್ ಆಗಿದೆ' ಎಂದುಬಿಟ್ಟಿದ್ದರು. ಆಗಿದೆ ಎಂದ ಮೇಲೆ ಅದು ಕಾಯಿಲೆಯಾದರೂ ಆಗಿರಬೇಕು, ಶಿಕ್ಷೆಯಾದರೂ ಆಗಿರಬೇಕು. ಜನ ತಮಗೆ ಬೇಕಾದ್ದನ್ನು ಆರಿಸಿಕೊಂಡರು.

ಈ ಕಾರ್ಯದರ್ಶಿಗಳು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಅವತ್ತೇ ಮಧ್ಯಾಹ್ನ ಮನೆಗೆ ಬಂದು, ಆರಾಧನೆಯ ಸಮಯ ಒಂಬತ್ತರಿಂದ ಏಳೂವರೆಗೆ ಬದಲಾಗಿರುವುದು ಹಾಗೆಯೇ ಇರಲಿ ಎಂದರು. ನಾನಿಲ್ಲದಾಗ ಮುಳಬಾಗಿಲಿನಿಂದ ನಿವೃತ್ತ ಪಾದ್ರಿಗಳೊಬ್ಬರು ಬಂದು ಹೋಗುತ್ತಿದ್ದರು. ಅವರ ಬಸ್ಸಿಗೆ ಅನುಕೂಲವಾಗಲೆಂದು ಮಾಡಿದ ಏರ್ಪಾಡು ಅದು.

"ಈಗ ಅವರು ಬರಲ್ವಲ್ಲ ಸಾರ್. ಮತ್ತೆ ಒಂಬತ್ತಕ್ಕೇ ಇಟ್ಕೊಳ್ಳೋಣ."

"ಜನಕ್ಕೆ ಅಭ್ಯಾಸ ಆಗ್ಬಿಟ್ಟಿದೆ."

"ಜನ ಎಲ್ಲಿದ್ದಾರೆ ಸಾರ್?"

"ಮಂಡೀಲಿದ್ದಾರೆ" ಎಂದರು, ಮುಖದಲ್ಲಿ ಒಂದು ಗೆರೆಯೂ ಅಲುಗಿಸದೆ. ಎದ್ದು ಹೋಗುವಾಗ ಇನ್ನೊಂದು ಮಾತು ಹೇಳಿದರು. "ಮುಳಬಾಗಿಲಿನ ಅಯ್ಯನವರು ಪ್ರಸಂಗ ಹನ್ನೆರಡೇ ನಿಮಿಷಕ್ಕೆ ಮುಗಿಸ್ತಿದ್ರು. ನೋಡಿ, ಅಷ್ಟೇ."

ನಾನು ಯಾಕೆ ರಜೆ ಕೇಳಿದೆನೆಂದು ಯಾರಿಗೂ ಸರಿಯಾಗಿ ಹೇಳಿರಲಿಲ್ಲ, ನಿಜ. ಇಪ್ಪತ್ತೆರಡು ವರ್ಷದ ಪಾದ್ರಿಗಿರಿಯಲ್ಲಿ ಎಷ್ಟು ಜನರನ್ನು ಮಣ್ಣು ಮಾಡಿದ್ದೇನೋ ಗೊತ್ತಿಲ್ಲ. ಒಂದು ದಿನ ಸಮಾಧಿಯ ಪಕ್ಕ ನಿಂತು ಪುಸ್ತಕ ಹಿಡಿದು ಓದುತ್ತಿದ್ದಾಗ, ಗ್ಯಾಸ್ ಸಿಲಿಂಡರ್ ಬುಕ್ ಮಾಡಿದೆನೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಬಾಯಿ ತನ್ನಷ್ಟಕ್ಕೆ ಓದುತ್ತಿತ್ತು. ಸತ್ತವರ ಹೆಸರು ಹೇಳಬೇಕಾದ ಜಾಗ ಬಂತು. ಹೆಸರು ಬರಲಿಲ್ಲ. ಪೆಟ್ಟಿಗೆಯನ್ನು ನೋಡಿದೆ, ಜನರನ್ನು ನೋಡಿದೆ. ಕೊನೆಗೆ ಸತ್ತವರ ಮಗಳು ಮೆಲ್ಲಗೆ ಹೇಳಿಕೊಟ್ಟಳು. ಮನೆಗೆ ಬಂದವನು ಬೂಟು ಬಿಚ್ಚದೆ ಕುರ್ಚಿಯಲ್ಲಿ ಕೂತುಬಿಟ್ಟೆ. ಬಿಷಪ್ಪರು ಆರು ತಿಂಗಳು ಕೊಟ್ಟರು. ಷರತ್ತು ಒಂದೇ: ಆ ಆರು ತಿಂಗಳು ಸಭೆಗೆ ಕಾಲಿಡಬಾರದು, ಯಾವ ಕೆಲಸವನ್ನೂ ಮುಟ್ಟಬಾರದು. ನಾನೂ ನನ್ನ ಹೆಂಡತಿಯೂ ಮಾಲೂರಿನಲ್ಲಿರುವ ನನ್ನ ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಉಳಿದೆವು. ಮೊದಲ ತಿಂಗಳು ನಿದ್ದೆ ಮಾಡಿದೆ. ಆಮೇಲೆ ಬೆಳಿಗ್ಗೆ ಸೊಪ್ಪು ತರುವ ಕೆಲಸ ನನಗೆ ಬಿತ್ತು. ದಂಟು ತಾ ಎಂದರೆ ಪಾಲಕ್ ತಂದು ಅಕ್ಕನಿಂದ ಬೈಸಿಕೊಳ್ಳುತ್ತಿದ್ದೆ. ಸುಖವಾಗಿದ್ದೆ.

ಎರಡನೇ ಭಾನುವಾರ ಅದು ನನ್ನ ಕಣ್ಣಿಗೆ ಬಿತ್ತು. ಮೊದಲ ಬೆಂಚಿನಲ್ಲಿ ಕೂರುವ ಒಬ್ಬ ವಯಸ್ಸಾದ ಹೆಂಗಸು, ಮುಳಬಾಗಿಲು ರಸ್ತೆಯ ಹಳ್ಳಿಯವರು, ನಾನು ಪ್ರಸಂಗಕ್ಕೆಂದು ಪೀಠ ಹತ್ತಿದೊಡನೆ ತಮ್ಮ ಕೈಚೀಲ ತೆಗೆದುಕೊಂಡು ಎದ್ದರು. ಎಲ್ಲರ ನಡುವಿನಿಂದ ಸಾವಕಾಶವಾಗಿ ನಡೆದು ಹೋಗಿ ಹೊರಗೆ ಹೊಂಗೆ ಮರದ ಕೆಳಗೆ ಕೂತರು. ಪ್ರಸಂಗ ಮುಗಿದು ಹಾಡು ಶುರುವಾದಾಗ ಒಳಗೆ ಬಂದರು. ಮೂರನೇ ಭಾನುವಾರವೂ ಹಾಗೇ. ಅವತ್ತು ಪ್ರಭುಭೋಜನವಿತ್ತು. ನನ್ನ ಕೈಯಿಂದ ರೊಟ್ಟಿ ತೆಗೆದುಕೊಳ್ಳಲು ಅವರು ಮುಂದೆ ಬರಲಿಲ್ಲ.

"ಮುಳಬಾಗಿಲಿನ ಅಯ್ಯನವರ ಕಾಲ್ದಲ್ಲಿ ಹೀಗೆ ಎದ್ದು ಹೋಗ್ತಿರ್ಲಿಲ್ಲ" ಎಂದರು ಕಾರ್ಯದರ್ಶಿಗಳು, ನಾನು ಕೇಳದಿದ್ದರೂ.

ಕಾರಣ ನನಗೆ ಗೊತ್ತಿತ್ತು. ಆಕೆಯ ಗಂಡ ನನ್ನ ಸ್ನೇಹಿತರೆಂದೇ ಹೇಳಬೇಕು. ಒಂದು ಹಳೆಯ ಮೊಪೆಡ್ಡಿನಲ್ಲಿ ನನ್ನನ್ನು ಹಿಂದೆ ಕೂರಿಸಿಕೊಂಡು ಹಳ್ಳಿ ಹಳ್ಳಿ ತಿರುಗಿಸಿದವರು. ಪ್ರಸಂಗದುದ್ದಕ್ಕೂ ಕಣ್ಣುಮುಚ್ಚಿ ಕೂತಿದ್ದು ಕೊನೆಯಲ್ಲಿ ಒಂದೇ ಮಾತು ಹೇಳುತ್ತಿದ್ದರು: "ಇವತ್ತು ಪರ್ವಾಗಿಲ್ಲ", ಇಲ್ಲವೇ "ಇವತ್ತು ನಿಮಗೇ ನಂಬಿಕೆ ಇರ್ಲಿಲ್ಲ." ಒಂದು ಸಲ ರಾಗಿ ಹೊಲದ ಪಕ್ಕ ಗಾಡಿ ನಿಲ್ಲಿಸಿ, "ಅಯ್ಯನವರೇ, ನನ್ನ ಮಣ್ಣು ನೀವೇ ಮಾಡ್ಬೇಕು" ಎಂದಿದ್ದರು. ಅವರು ಗಟ್ಟಿಯಾಗಿದ್ದರು. ಸರಿ ಎಂದು ನಕ್ಕು ಮಾತು ಕೊಟ್ಟಿದ್ದೆ. ನನ್ನ ರಜೆಯ ನಾಲ್ಕನೇ ತಿಂಗಳಲ್ಲಿ ಅವರು ತೀರಿಕೊಂಡರು. ಮಣ್ಣು ಮಾಡಿದ್ದು ಮುಳಬಾಗಿಲಿನ ಅಯ್ಯನವರು.

ಆಕೆಯ ಮನೆಗೆ ಹೋದೆ. ಮೊದಲ ಸಲ ಬಾಗಿಲಿಗೆ ಬೀಗವಿತ್ತು. ಹಿಂದಿನ ಬಾಗಿಲಿನಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಎರಡನೇ ಸಲ ದಾರಿಯಲ್ಲಿ ಸ್ಕೂಟರ್ ಪಂಕ್ಚರ್ ಆಗಿ, ಬಿಸಿಲಿನಲ್ಲಿ ಎರಡು ಮೈಲಿ ತಳ್ಳಿಕೊಂಡು ಮುಟ್ಟಿದೆ. ಪಕ್ಕದ ಮನೆಯ ಹೆಂಗಸು ಬೇಲಿಯಾಚೆಯಿಂದ, "ರೇಷ್ಮೆ ಹುಳಕ್ಕೆ ಸೊಪ್ಪು ಹಾಕ್ತಾವ್ರಂತೆ, ಪುರುಸೊತ್ತಿಲ್ವಂತೆ" ಎಂದು ಹೇಳಿ ಕಳಿಸಿದಳು. ನನಗೆ ಮೈಯೆಲ್ಲ ಉರಿಯಿತು. ಐವತ್ತು ದಾಟಿದ ನಾನು ಹೀಗೆ ಒಬ್ಬ ಮುದುಕಿಯ ಬಾಗಿಲು ಕಾಯಬೇಕೇ? ನನಗೂ ಒಂದು ದಣಿವಿರಬಾರದೇ? ದೇವರೇ ಏಳನೇ ದಿನ ಸುಮ್ಮನಿರಲಿಲ್ಲವೇ? ಇದನ್ನೆಲ್ಲ ಮನೆಗೆ ಬಂದು ಹೆಂಡತಿಯ ಮುಂದೆ ಕೂಗಾಡಿದೆ.

ಅವಳು ಹುರುಳಿಕಾಯಿ ಮುರಿಯುತ್ತಿದ್ದಳು. "ಇನ್ನೊಂದ್ಸಲ ಹೋಗಿ. ಬೈಸ್ಕೊಂಡು ಬನ್ನಿ. ಒಂದ್ಸಲ ಬೈದ್ಬಿಟ್ರೆ ಅವರಿಗೂ ಸಮಾಧಾನ, ನಿಮಗೂ ಸಮಾಧಾನ" ಎಂದಳು.

ಮೂರನೇ ಸಲ ಆಕೆ ಜಗಲಿಯ ಮೇಲೇ ಕೂತಿದ್ದರು. "ಕೂಚೋಂಡಿ" ಎಂದರು. ಅವರ ಕಡೆ ಎಲ್ಲರೂ ಎರಡೂ ಭಾಷೆ ಆಡುವವರೇ, ಆದರೆ ಈಕೆ ತೆಲುಗಿಗೆ ಹೊರಳಿದರೆ ಕೋಪ ಬಂದಿದೆಯೆಂದೇ ಅರ್ಥ. ಕೂತೆ.

"ಅಮ್ಮಾ, ನಿಮ್ಮ ಯಜಮಾನ್ರು ಹೋದಾಗ ನಾನು..."

"ನಂಗೇನೂ ಹೇಳ್ಬೇಡಿ. ನಂಗೆ ಮಾತು ಕೊಟ್ಟಿದ್ರಾ? ಯಾರಿಗೆ ಕೊಟ್ಟಿದ್ರೋ ಅವರಿಗೆ ಹೇಳಿ."

ಎದ್ದು ಚಪ್ಪಲಿ ಮೆಟ್ಟಿ ನಡೆದೇಬಿಟ್ಟರು. ಹಿಪ್ಪುನೇರಳೆ ತೋಟ ದಾಟಿ, ಅವರದೇ ಹೊಲದ ಮೂಲೆಯಲ್ಲಿ ಬೇವಿನ ಮರ. ಅದರ ಕೆಳಗೆ ಗಂಡನ ಸಮಾಧಿ. ಪಕ್ಕದ ಹೊಲದಲ್ಲಿ ಟೊಮೇಟೊ ಗಿಡಗಳಿಗೆ ಕಡ್ಡಿ ಕಟ್ಟುತ್ತಿದ್ದ ರೈತ ಕೆಲಸ ಬಿಟ್ಟು ಸೊಂಟದ ಮೇಲೆ ಕೈಯಿಟ್ಟು ನೋಡತೊಡಗಿದ. ನನಗೆ ನಾಚಿಕೆಯಾಯಿತು. ಬೇಗ ಮುಗಿಸೋಣವೆಂದು ಚೀಲದಿಂದ ಪ್ರಾರ್ಥನೆಯ ಪುಸ್ತಕ ತೆಗೆದೆ. ಆಕೆ ಪುಸ್ತಕದ ಮೇಲೆ ಅಂಗೈ ಇಟ್ಟರು.

"ಪುಸ್ತಕ ಅವತ್ತೇ ಓದಾಯ್ತು. ಮುಳಬಾಗಿಲಿನ ಅಯ್ಯನವರು ಚೆನ್ನಾಗೇ ಓದಿದ್ರು. ನೀವು ಯಾಕೆ ಬರ್ಲಿಲ್ಲ ಅಂತ ಹೇಳಿ."

"ಬಿಷಪ್ಪರ ಅಪ್ಪಣೆ ಇತ್ತು. ಸಭೆಗೆ ಕಾಲಿಡಬಾರದು ಅಂತ..." ಎಂದೆ ಸಮಾಧಿಯ ಕಡೆ ತಿರುಗಿ. ಸ್ಕೂಲಿಗೆ ತಪ್ಪಿಸಿಕೊಂಡವನು ಬರೆದ ರಜಾ ಅರ್ಜಿಯಂತೆ ನನ್ನ ಕಿವಿಗೇ ಕೇಳಿಸಿತು.

"ರೆಂಡು ಬಸ್ಸುಲು, ಅಂತೇ ಕದಾ" ಎಂದರು ಆಕೆ. ಎರಡು ಬಸ್ಸು, ಅಷ್ಟೇ ತಾನೇ. ಮಾಲೂರಿನಿಂದ ಕೋಲಾರ, ಕೋಲಾರದಿಂದ ಶ್ರೀನಿವಾಸಪುರ. ಲೆಕ್ಕ ಸರಿಯಾಗಿತ್ತು.

ಸಿಟ್ಟು ನೆತ್ತಿಗೇರಿತು. "ಒಂದು ಬಸ್ಸು ಹತ್ತಿದ್ದೆ!" ಎಂದು ಕೂಗಿಬಿಟ್ಟೆ. ಟೊಮೇಟೊ ತೋಟದವನಿಗೂ ಕೇಳಿಸಿರಬೇಕು.

ಇದು ನನ್ನ ಹೆಂಡತಿಗೂ ಗೊತ್ತಿರಲಿಲ್ಲ. ಹಿಂದಿನ ಸಂಜೆ ತೀರಿಕೊಂಡರೆಂದು ಕಾರ್ಯದರ್ಶಿಗಳು ಬೆಳಿಗ್ಗೆ ಫೋನ್ ಮಾಡಿದಾಗ ಎತ್ತಿಕೊಂಡವಳು ಅವಳೇ. ನಾನು ಸೊಪ್ಪು ತರುತ್ತೇನೆಂದು ಹೇಳಿ ಕೋಲಾರದ ಬಸ್ಸು ಹತ್ತಿದೆ. ಟೊಮೇಟೊ ಮಾರ್ಕೆಟ್ಟಿನ ಗಾಡಿಗಳ ನಡುವೆ ಸಿಕ್ಕಿಕೊಂಡು ತೆವಳುತ್ತಾ ಬಸ್‌ಸ್ಟ್ಯಾಂಡ್ ಮುಟ್ಟಿದಾಗ ಒಂಬತ್ತೂವರೆ. ಮಣ್ಣು ಮಧ್ಯಾಹ್ನಕ್ಕಿತ್ತು. ಶ್ರೀನಿವಾಸಪುರದ ಬಸ್ಸು ನಿಂತಿತ್ತು. ನಾನು ಎದುರಿನ ಕಲ್ಲು ಬೆಂಚಿನ ಮೇಲೆ ಕೂತೆ. ಆ ಬಸ್ಸು ಹೋಯಿತು. ಇನ್ನೊಂದು ಬಂತು. ಕಂಡಕ್ಟರ್ ನನ್ನನ್ನೇ ನೋಡಿ, "ಶ್ರೀನಿವಾಸಪುರನಾ ಸಾರ್?" ಎಂದ. ಅಲ್ಲ ಎಂದೆ. ಅದೂ ಹೋಯಿತು.

"ಯಜಮಾನ್ರೇ" ಎಂದೆ ಸಮಾಧಿಗೆ. ಈಗ ಸ್ವರ ಏರಲಿಲ್ಲ. "ನಿಮ್ಮ ಹೆಸರೂ ಬಾಯಿಗೆ ಬರದೇ ಹೋದ್ರೆ ಅಂತ ಹೆದರ್ಕೊಂಡೆ. ಇನ್ಯಾರದ್ದೋ ಆಗಿದ್ರೆ ಬರ್ತಿದ್ದೆನೋ ಏನೋ. ನಿಮ್ಮದು ಮರೆತು ನಿಲ್ಲೋಕೆ ನನ್ನ ಕೈಲಾಗ್ತಿರ್ಲಿಲ್ಲ."

ಆ ಇನ್ನೊಂದು ಸಾವಿನಲ್ಲಿ ಏನಾಯಿತೆಂಬುದನ್ನೂ ಹೇಳಿದೆ. ಸಿಲಿಂಡರಿನ ವಿಷಯವನ್ನೂ. ಬಿಷಪ್ಪರಿಗೆ ನಾನು ಬರೆದಿದ್ದು ಆಯಾಸ ಎಂದು ಮಾತ್ರ.

ಆಕೆ ಸಮಾಧಿಯ ಮೇಲೆ ಬಿದ್ದಿದ್ದ ಬೇವಿನ ಎಲೆಗಳನ್ನು ಬಗ್ಗಿ ಆರಿಸಿದರು. ಮತ್ತೆ ಮಾತಾಡಿದಾಗ ಕನ್ನಡಕ್ಕೆ ಬಂದಿದ್ದರು.

"ಹೆಸರು ಬರ್ಲಿಲ್ಲ ಅಂದ್ರೆ ಏನಾಗ್ತಿತ್ತು ಅಯ್ಯನವರೇ? ನಾನಿರ್ಲಿಲ್ವಾ ಪಕ್ಕದಲ್ಲಿ? ಮದ್ವೆ ಆದಾಗಿಂದ ಗಂಡನ ಹೆಸರು ಬಾಯಲ್ಲಿ ತಂದೋಳಲ್ಲ ನಾನು. ಅವತ್ತು ಹೇಳ್ಕೊಡ್ತಿದ್ದೆ."

ನಾನು ಪುಸ್ತಕವನ್ನು ಚೀಲಕ್ಕೆ ಹಾಕಿದೆ.

"ಈಗ ಪ್ರಾರ್ಥನೆ ಮಾಡಿ. ಚಿಕ್ಕದಾಗಿ" ಎಂದರು.

ಮಾಡಿದೆ. ಯಜಮಾನರ ಹೆಸರು ಹಿಡಿದೇ ಮಾಡಿದೆ. ಆಮೇಲೆ ಆಕೆ ಮನೆಗೆ ಕರೆದೊಯ್ದು ಮುದ್ದೆಯನ್ನೂ ಬೇಳೆಗೆ ಮಾವಿನಕಾಯಿ ಹಾಕಿ ಮಾಡಿದ ಪಪ್ಪನ್ನೂ ಬಡಿಸಿದರು. ನಾನು ಊಟ ಮಾಡಿಯೇ ಬಂದಿದ್ದೆ. ಅದನ್ನು ಹೇಳುವ ಧೈರ್ಯವಾಗಲಿಲ್ಲ. ಎರಡು ಮುದ್ದೆ ನುಂಗಿದೆ.

ಮುಂದಿನ ಭಾನುವಾರ ನಾನು ಪೀಠ ಹತ್ತಿದಾಗ ಆಕೆ ಕೈಚೀಲ ಎತ್ತಿಕೊಂಡರು. ಆದರೆ ಏಳಲಿಲ್ಲ. ಅದನ್ನು ಮಡಿಲಿನಿಂದ ಬೆಂಚಿನ ಕೆಳಗಿಟ್ಟು ಕಾಲು ಚಾಚಿ ಕೂತರು. ಅವತ್ತಿನ ಪ್ರಸಂಗ ಹೇಗಿತ್ತೆಂದು ಬಾಗಿಲಲ್ಲಿ ಕೇಳಿದೆ. "ಉದ್ದ" ಎಂದರು.

ಇಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಆದರೆ ಟೊಮೇಟೊ ತೋಟದವನು ಬಾಯಿ ಮುಚ್ಚಿಕೊಂಡಿರುವ ಜಾತಿಯವನಲ್ಲ. ನಾನಿಲ್ಲದ ಆರು ತಿಂಗಳಲ್ಲಿ ಸಭೆಯಲ್ಲಿ ಇನ್ನೂ ಮೂರು ಸಾವಾಗಿದ್ದವು. ಒಂದೊಂದು ಮನೆಯವರಾಗಿ ಬಂದು, "ನಮ್ಮಮ್ಮನ ಹತ್ರ ಯಾವಾಗ ಬರ್ತೀರಿ?" "ನಮ್ಮ ಮಾವನೋರಿಗೆ ಯಾವತ್ತು?" ಎಂದು ಕೇಳತೊಡಗಿದರು, ನಾನು ಬಾಕಿಯುಳಿಸಿದ ಕೆಲಸವೋ ಎನ್ನುವಂತೆ. ಕಾರ್ಯದರ್ಶಿಗಳು ಬೆವರೊರೆಸಿಕೊಳ್ಳುತ್ತಾ ಓಡಿಬಂದರು.

"ಅಯ್ಯನವರೇ, ಒಬ್ಬರನ್ನ ಎರಡು ಸಲ ಮಣ್ಣು ಮಾಡೋಕೆ ನಿಯಮದಲ್ಲಿ ಅವಕಾಶ ಇಲ್ಲ."

"ಇದು ಮಣ್ಣು ಮಾಡೋದಲ್ಲ ಸಾರ್."

"ಮತ್ತೇನು? ಕಮಿಟಿ ಪುಸ್ತಕದಲ್ಲಿ ಏನಂತ ಬರೀಲಿ?"

"ಏನೂ ಬರೀಬೇಡಿ."

"ಬರೀದೇ ಹೇಗಿರೋದು?" ಎಂದು ಅವರು ನಿಜವಾಗಿ ಕಂಗಾಲಾದರು. ಅವರನ್ನು ಸಮಾಧಾನಪಡಿಸಲು ಅರ್ಧ ಗಂಟೆ, ಎರಡು ಲೋಟ ಕಾಫಿ ಬೇಕಾಯಿತು. ಕೊನೆಗೆ 'ಮನೆ ಭೇಟಿ' ಎಂದು ಬರೆದುಕೊಂಡರು.

ಮೂರನೆಯ ಮನೆ ಮಾವಿನ ಮಂಡಿಯಲ್ಲಿ ಕೆಲಸ ಮಾಡುವವನೊಬ್ಬನದು. ತಾಯಿ ತೀರಿಕೊಂಡಿದ್ದಳು. ಊರಾಚೆಯ ನಮ್ಮ ಸಮಾಧಿ ತೋಟಕ್ಕೆ ಅವನು ಮಾವು ತುಂಬಿದ ಲಾರಿಯಲ್ಲೇ ಬಂದು ಗೇಟಿನ ಮುಂದೆ ಅದನ್ನು ನಿಲ್ಲಿಸಿದ್ದ. ಚಾಲಕ ಎಂಜಿನ್ ಆರಿಸಿರಲಿಲ್ಲ. ನಾನು ಗಂಟಲು ಸರಿಮಾಡಿಕೊಂಡು ಅವನ ತಾಯಿಗೆ ನನ್ನ ಕಾರಣ ಹೇಳಲು ಶುರುಮಾಡಿದೆ.

"ಅದೆಲ್ಲ ಬೇಡ ಅಯ್ಯನವರೇ" ಎಂದು ತಡೆದ. "ಗೊತ್ತಾಗಿದೆ. ಪ್ರಾರ್ಥನೆ ಮಾಡ್ಬಿಡಿ. ಲೋಡ್ ಹೋಗ್ಬೇಕು."

ನನಗೆ ರೇಗಿತು. ಆದರೂ ಮಾಡಿದೆ. ಎರಡು ನಿಮಿಷವೂ ಆಗಿರಲಿಕ್ಕಿಲ್ಲ. ಮುಳಬಾಗಿಲಿನ ಅಯ್ಯನವರನ್ನೂ ಮೀರಿಸಿದೆ. ಆಮೆನ್ ಎಂದು ಕಣ್ಣು ಬಿಟ್ಟರೆ ಅವನು ಇನ್ನೂ ತಲೆ ತಗ್ಗಿಸಿಕೊಂಡೇ ನಿಂತಿದ್ದ. ಲಾರಿಯಿಂದ ಹಾರನ್ ಕೇಳಿಸಿತು. ಅವನು ಅಲುಗಲಿಲ್ಲ. ಮತ್ತೊಮ್ಮೆ ಹಾರನ್. ನಾನು ಪುಸ್ತಕವನ್ನು ಚೀಲಕ್ಕೆ ಹಾಕದೆ ಹಾಗೇ ಹಿಡಿದು ಅವನ ಪಕ್ಕದಲ್ಲಿ ನಿಂತೆ. ಸ್ವಲ್ಪ ಹೊತ್ತಿಗೆ ಚಾಲಕ ಎಂಜಿನ್ ಆರಿಸಿ, ಕೆಳಗಿಳಿದು, ಗೇಟಿನ ಕಂಬಕ್ಕೆ ಒರಗಿ ಕಾಯತೊಡಗಿದ.