ಗುಹೆಗೆ ನುಗ್ಗಿದ ಕಾಲುವೆ ನೀರು

ಮಾನ್ವಿಯ ನಮ್ಮ ಪಕ್ಕದ ಮನೆಯಾಕೆ ತನ್ನದೇ ಟಿವಿಯ ಮುಂದೆ ಎಂದೂ ಕೂತವಳಲ್ಲ. ಸೆರಗಿನ ತುದಿ ಕಚ್ಚಿಕೊಂಡು ಬಾಗಿಲಿಗೆ ಒರಗಿ ನಿಲ್ಲುತ್ತಿದ್ದಳು. ಮಕ್ಕಳ ಸಾಹಸದ ಹಳೆಯ ಇಂಗ್ಲಿಷ್ ಪುಸ್ತಕಗಳಿಂದ ಮಾಡಿದ ಆ ಧಾರಾವಾಹಿ ಹಿಂದಿಯಲ್ಲಿ ಬರುತ್ತಿತ್ತು. ಸಂತೆಯಲ್ಲಿ ಉರ್ದು ಕಲಿತಿದ್ದ ಆಕೆಯೇ ಓಣಿಯ ಹುಡುಗರಿಗೆಲ್ಲ ಅದನ್ನು ಕನ್ನಡದಲ್ಲಿ ಹೇಳಬೇಕಿತ್ತು. ಭಯದ ಜಾಗ ಬಂದಾಗಲೆಲ್ಲ, “ಅಂಜಬ್ಯಾಡ್ರಿ, ನಾ ಅದೀನಿ” ಎನ್ನುತ್ತಿದ್ದಳು.

ಒಂದು ಭಾನುವಾರ ಮುಂಜಾನೆ ಕಥೆಯ ಮಕ್ಕಳು ಕಡಲದಂಡೆಯ ಗುಹೆಯಲ್ಲಿ ಸಿಕ್ಕಿಬಿದ್ದರು. ಉಬ್ಬರ ಬಂದು ಕಡಲು ಒಳಗೆ ನುಗ್ಗಿತು. ಕಡಲನ್ನೇ ಕಾಣದ ಆಕೆಗೆ ಏರುವ ನೀರೆಂದರೆ ಕಾಲುವೆಯದೇ. “ಯವ್ವಾ, ಕಾಲುವಿಗಿ ನೀರು ಬಿಟ್ಟಾರ!” ಎಂದು ಚೀರಿದಳು. ನೀರು ಮಕ್ಕಳ ಕುತ್ತಿಗೆ ಮುಟ್ಟಿತು. ಆಗಲೇ ಕರೆಂಟ್ ಹೋಯಿತು.

“ಯಕ್ಕಾ, ಸಾಯ್ತಾರೇನು?” ನನ್ನ ತಂಗಿ ಅಳತೊಡಗಿದಳು.

ಆಕೆ ಬಂದು ನಮ್ಮ ನಡುವೆ ಕೂತಳು. ಕಣ್ಣು ಮಾತ್ರ ಕಪ್ಪಾದ ಟಿವಿಯ ಮೇಲೇ ಇತ್ತು.

“ಅಂಜಬ್ಯಾಡ್ರಿ, ನಾ ಅದೀನಿ. ಕಾಲುವಿ ಗೇಟ್ ಬಂದ್ ಮಾಡಾಕ ಒಬ್ಬ ಮನಿಷ್ಯಾ ಸೈಕಲ್ ಮ್ಯಾಲ ಹೊಂಟಾನ. ಗೇಟಿಗಿ ಮುಟ್ಟಿದ. ಚಕ್ರ ತಿರುವಾಕತ್ತಾನ... ನೋಡ್ರಿ, ನೀರು ಇಳಿಯಾಕತ್ತದ.”

ನಾವು ಆಗ ಉಸಿರು ಬಿಟ್ಟೆವು.

ಮೊನ್ನೆ ರಾಯಚೂರಿನ ಮನೆಯಲ್ಲಿ ಆ ಕಂತು ಫೋನಿನಲ್ಲಿ ಸಿಕ್ಕಿತು. ಮಕ್ಕಳು ಬಂಡೆಯ ಬಿರುಕಿನಿಂದ ಹತ್ತಿ ಪಾರಾದರು. ನಾನು ಮಾತ್ರ ಕೊನೆಯವರೆಗೂ ಸೈಕಲ್ಲಿನವನ ದಾರಿ ಕಾಯುತ್ತಿದ್ದೆ.