ಟ್ಯಾಂಕರಿನ ನೀರು, ಅತ್ತೆಯ ಕೈ

ಔರಾದಿನ ಈ ಮನೆಗೆ ನನ್ನನ್ನು ಕೊಡುವಾಗ ಭಾಲ್ಕಿಯ ನಮ್ಮವ್ವ ಹೇಳಿದ್ದು ಒಂದೇ ಮಾತು: "ಭಾಳ ಸ್ವಚ್ಛ ಮನಿ ಅದ. ಪುಣ್ಯಾ ಮಾಡೀದಿ." ಊರವರೂ ಅತ್ತೆಯ ಮಡಿಯನ್ನು ಹೊಗಳುತ್ತಿದ್ದರು. ಅವರ ಮನೆಯ ಕೊಡದಲ್ಲಿ ಮುಖ ನೋಡಿಕೊಳ್ಳಬಹುದು ಅನ್ನುತ್ತಿದ್ದರು. ಆ ಕೊಡ ತಿಕ್ಕುವ ಸೊಸೆಯ ಕಷ್ಟ ಯಾರೂ ಕೇಳಲಿಲ್ಲ.

ಬರಗಾಲದಲ್ಲಿ ಆ ಮಡಿಯೇ ನಮಗೆ ಮುಳುವಾಯಿತು. ಗಂಡ ಕೆಲಸಕ್ಕೆಂದು ಹೈದರಾಬಾದಿಗೆ ಹೋಗಿದ್ದರು. ಮನೆಯಲ್ಲಿ ನಾವಿಬ್ಬರೇ ಹೆಂಗಸರು. ಟ್ಯಾಂಕರ್ ಬಂದ ದಿನ ನಾನು ಗುದ್ದಾಡಿ ನೀರು ತರುವುದು, ಸಂಜೆಯೊಳಗೆ ಅತ್ತೆ ಅದನ್ನು ಕೈ ತೊಳೆದೇ ಮುಗಿಸುವುದು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಒಂದು ದಿನ ತಡೆಯದೆ ಕೇಳಿಯೇ ಬಿಟ್ಟೆ.

"ತೊಳದ ಕೈನೇ ಮತ್ತ ಯಾಕ ತೊಳಿತೀರಿ, ಅತ್ತಿ?"

ಬೈಗುಳ ಬರುತ್ತದೆಂದು ಸೆರಗು ಬಿಗಿದು ನಿಂತಿದ್ದೆ. ಅತ್ತೆ ಬಚ್ಚಲ ಕಟ್ಟೆಯ ಮೇಲೆ ಕುಸಿದು ಕುಳಿತರು.

"ಸ್ವಚ್ಛ ಅದ ಅಂತ ನನಗೂ ಗೊತ್ತದ. ಮನಸ್ಸು ಕೇಳಂಗಿಲ್ಲ. ಲಗ್ನಕ್ಕಿಂತ ಮೊದಲಿಂದ ಹಿಂಗೇ. ಯಾರಿಗರೆ ಹೇಳಿದ್ರ ಹುಚ್ಚಿ ಅಂತಾರ."

ಅವರ ಬೆರಳ ಸಂದುಗಳು ಬಿರಿದು ರಕ್ತ ಜಿನುಗುತ್ತಿತ್ತು. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ, ಅಯ್ಯೋ ಅನ್ನಿಸಿತು.

ಆ ಕೈ ತೋರಿಸಲೆಂದೇ ಬೀದರಿಗೆ ಹೋದೆವು. ಚರ್ಮದ ಡಾಕ್ಟರು ಮುಲಾಮು ಬರೆದರು, ಆಮೇಲೆ ದಿನಾ ಎಷ್ಟು ಸಲ ತೊಳೆಯುತ್ತೀರಿ ಎಂದು ಕೇಳಿದರು. ಅತ್ತೆಯ ಬದಲು ನಾನೇ ಲೆಕ್ಕ ಹೇಳಿದೆ. ಅವರು ಮನೋರೋಗದ ಡಾಕ್ಟರ ಹತ್ತಿರ ಕಳಿಸಿದರು. ಆ ಬಾಗಿಲಲ್ಲಿ ಅತ್ತೆ ಸೆರಗನ್ನು ಮುಖಕ್ಕೆ ಎಳೆದುಕೊಂಡು, "ನಮ್ಮ ಊರವರು ಯಾರರೆ ನೋಡ್ಯಾರು, ನಡಿ ಹೋಗೋಣು" ಅಂದರು. ನಾನು ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋದೆ. ಅತ್ತೆಯ ರಟ್ಟೆ ಹಿಡಿಯುವ ಯೋಗ ಎಲ್ಲ ಸೊಸೆಯರಿಗೂ ಸಿಗುವುದಿಲ್ಲ.

ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡು, "ಇದು ಹುಚ್ಚಲ್ಲ ರಿ, ಗೀಳು ರೋಗ ಅಂತಾರ. ಗುಳಿಗಿ ಅದ, ತೊಳೀದೇ ಇರೋದು ಮನಸ್ಸಿಗಿ ರೂಢಿ ಮಾಡಿಸೋದೂ ಅದ. ಕಮ್ಮಿ ಆಗ್ತದ" ಅಂದರು.

"ಇದಕ್ಕ ಹೆಸರೂ ಅದ ಏನ್ರಿ?" ಅತ್ತೆ ಕೇಳಿದರು. "ಅಂದ್ರ ನನಗೊಬ್ಬಾಕಿಗೇ ಬಂದಿಲ್ಲ."

ಮರಳುವಾಗ ಬಸ್ಸಿನ ಕಿಟಕಿಗೆ ತಲೆಯಾನಿಸಿ ಗಾಢ ನಿದ್ದೆ ಹೋದರು. ನನ್ನ ಎದೆಯೂ ಹಗುರಾಗಿತ್ತು.

ಒಮ್ಮೆಲೇ ಗುಣವಾಗಲಿಲ್ಲ. ಕೆಲವು ದಿನ ಮತ್ತೆ ಹಳೆಯ ಪಾಡೇ. ಆದರೆ ಬೇಸಿಗೆ ಮುಗಿಯುವ ಹೊತ್ತಿಗೆ ಡ್ರಮ್ಮಿನಲ್ಲಿ ನೀರು ಉಳಿಯತೊಡಗಿತು, ಅತ್ತೆಯ ಕೈಯ ಬಿರುಕುಗಳು ಮಾಯ್ದವು. ಟ್ಯಾಂಕರಿನ ಸಾಲಿನಲ್ಲಿ ಎದುರು ಮನೆಯ ಹೆಂಗಸು ಆ ಕೈ ನೋಡಿ ಯಾವ ಮುಲಾಮು ಎಂದು ಕೇಳಿದಳು. ಚರ್ಮದ ಡಾಕ್ಟರು ಕೊಟ್ಟದ್ದು ಎನ್ನಲು ನಾನು ಬಾಯಿ ತೆರೆದೆ. ಅತ್ತೆ ತಡೆದರು.

"ಮುಲಾಮು ಅಲ್ಲ, ತಂಗಿ. ಮನಸ್ಸಿನ ಡಾಕ್ಟರಗ ತೋರಿಸೀನಿ. ಗುಳಿಗಿ ತಗೋತೇನಿ."

ಸಾಲಿನಲ್ಲಿದ್ದವರೆಲ್ಲ ನಮ್ಮ ಕಡೆ ತಿರುಗಿದರು. ನೀರು ತುಂಬಿಕೊಂಡು ಹೊರಟಾಗ ಆ ಹೆಂಗಸು ನಮ್ಮ ಹಿಂದೆಯೇ ಬಂದಳು. ಮುಂಬೈಗೆ ದುಡಿಯಲು ಹೋಗಿದ್ದ ಅವಳ ಮಗ ಮರಳಿ ಬಂದಾಗಿನಿಂದ ಹೊಸ್ತಿಲು ದಾಟಿರಲಿಲ್ಲ. ಅವನಿಗೆ ಜ್ವರ ಎಂದೇ ಅವಳು ಎಲ್ಲರಿಗೂ ಹೇಳಿದ್ದಳು.

"ನಮ್ಮ ಮಗಗೂ ನೋಡ್ತಾರೇನ್ರಿ ಅಲ್ಲಿ?" ದನಿ ತಗ್ಗಿಸಿ ಕೇಳಿದಳು.

"ನೋಡ್ತಾರ," ಅತ್ತೆ ಅಂದರು, ದನಿ ತಗ್ಗಿಸದೆ. "ನಾಳಿ ಮುಂಜಾನಿ ಬಸ್ಸಿಗಿ ಹೋಗೋಣು. ನಾ ನಿನ್ನ ಜೋಡಿ ಬರ್ತೇನಿ."