ಹೊಸ ಕಾರ್ಡಿಗೆ ಹೋಗದ ಹಳೇ ಬಾಕಿ

ಅಮ್ಮನ ಮಂಡಿ ಆಪರೇಷನ್ ಖರ್ಚನ್ನು ಕ್ರೆಡಿಟ್ ಕಾರ್ಡಿನಲ್ಲೇ ಕಟ್ಟಿದ್ದೆ. ಬಡ್ಡಿ ಏರುತ್ತಲೇ ಇತ್ತು. ಬನಶಂಕರಿ ಮೆಟ್ರೋ ಹತ್ತಿರ ಮೇಜು ಹಾಕಿಕೊಂಡು ಕಾರ್ಡ್ ಮಾರುತ್ತಿದ್ದ ಹುಡುಗಿ, "ಹಳೇ ಬಾಕಿನ ನಮ್ಮ ಹೊಸ ಕಾರ್ಡಿಗೆ ಟ್ರಾನ್ಸ್‌ಫರ್ ಮಾಡಿಸ್ಕೊಳ್ಳಿ ಸಾರ್, ಬಡ್ಡಿ ಕಮ್ಮಿ ಆಗುತ್ತೆ" ಅಂದಳು. ನಂಬಿ ತಗೊಂಡೆ. ಕಾರ್ಡ್ ಬಂದ ಮೇಲೆ ಬ್ಯಾಂಕಿನವರು ಆಗಲ್ಲ ಅಂದರು. ನನ್ನ ಹಳೇ ಕಾರ್ಡೂ ಅವರದೇ. ಒಂದೇ ಬ್ಯಾಂಕಿನ ಕಾರ್ಡುಗಳ ಮಧ್ಯೆ ಅದು ನಡೆಯಲ್ಲವಂತೆ.

ಜಗಳ ಆಡಬೇಕು ಅಂತಲೇ ವಾಪಸ್ ಹೋದೆ. ಮೇಜಿನ ಮುಂದೆ ಒಬ್ಬರು ಗಿರಾಕಿ ಕೂತಿದ್ದರು. ಬ್ಯಾಂಕಿನವರು ಅಂದಿದ್ದನ್ನು ಹೇಳಿದೆ. ಅವಳು ನನ್ನನ್ನು ಪಕ್ಕಕ್ಕೆ ಕರೆಯಲಿಲ್ಲ.

"ತಪ್ಪು ನಂದೇ ಸಾರ್. ಹಳೇ ಕಾರ್ಡ್ ಯಾವ ಬ್ಯಾಂಕಿಂದು ಅಂತ ನಾನು ಕೇಳ್ಬೇಕಿತ್ತು" ಅಂದಳು, ಅವರೆದುರಿಗೇ. ಆ ಗಿರಾಕಿ ಮೆಲ್ಲಗೆ ಎದ್ದು ಹೋದರು.

ಅವಳು ತಾನೇ ಬ್ಯಾಂಕಿಗೆ ಫೋನ್ ಹಚ್ಚಿ, ವಾದ ಮಾಡಿ, ಹಳೇ ಕಾರ್ಡಿನ ಬಾಕಿಯನ್ನೇ ಕಡಿಮೆ ಬಡ್ಡಿಯ ಕಂತುಗಳಾಗಿ ಮಾಡಿಸಿಕೊಟ್ಟಳು. ಆಮೇಲೆ, "ಈಗ ಹೊಸ ಕಾರ್ಡ್ ಕ್ಯಾನ್ಸಲ್ ಮಾಡಿಸಿಬಿಡಿ" ಅಂದಳು.

"ನಿಮ್ಮ ಕಮಿಷನ್?"

"ಹೋಗುತ್ತೆ ಸಾರ್. ಅದಕ್ಕೋಸ್ಕರ ನೀವ್ಯಾಕೆ ವರ್ಷಾ ವರ್ಷಾ ಫೀಸ್ ಕಟ್ತೀರಾ?"

ಜಗಳಕ್ಕೆ ಅಂತ ಬಂದವನು ಹೊಸ ಕಾರ್ಡನ್ನು ಅಲ್ಲೇ ಕ್ಯಾನ್ಸಲ್ ಮಾಡಿಸಿದೆ. ಆ ಗಳಿಗೆಯಲ್ಲಿ ಅವಳು ಇನ್ನೊಂದು ಕಾರ್ಡ್ ತಗೊಳ್ಳಿ ಅಂದಿದ್ದರೆ, ತಗೊಂಡುಬಿಡುತ್ತಿದ್ದೆ.